ಹೆರ್ ಗ್ರೂಬರ್ ತಿರುಗಿಸಿದ ಹಾಳೆಗಳು

“ಸ್ವರದ ಹಾಳೆ ಇಲ್ದೆ ನನ್ನ ವೇದಿಕೆ ಮೇಲೆ ಯಾರೂ ಕೂರಲ್ಲ, ತಿಳ್ಕೋ!” ಎಂದ ಹೆರ್ ಗ್ರೂಬರ್. ಬ್ರೆಸ್ಲಾವ್ ಸಂಗೀತ ಸಭೆಯ ಯಜಮಾನ ಆತ. ಪರದೆಯಾಚೆ ಮುನ್ನೂರು ಜನ ಕೆಮ್ಮುತ್ತ ಕಾಯುತ್ತಿದ್ದರು. “ಬಾಯಿಪಾಠ ನುಡಿಸೋದು ಬರೀ ಜಂಬ. ರಚಿಸಿದವರಿಗೆ ಮಾಡೋ ಅವಮಾನ.”

“ರಚಿಸಿದೋಳು ನಾನೇ ಅಲ್ವಾ? ನಂಗೇನೂ ಬೇಜಾರಿಲ್ಲ ಬಿಡಿ,” ಎಂದಳು ಪಿಯಾನೋ ನುಡಿಸಲು ಬಂದಿದ್ದ ಒಟೀಲಿ.

“ಹತ್ತೊಂಬತ್ತು ವರ್ಷಕ್ಕೇ ಎಷ್ಟು ಮಾತು! ಹಾಳೆ ಎಲ್ಲಿ?”

ಅಂದವಾಗಿ ನಕಲು ಮಾಡಿಸಲೆಂದು ಕಳಿಸಿದ್ದ ಅವಳ ಹಾಳೆಗಳು ಹಿಮದಲ್ಲಿ ಸಿಕ್ಕಿಬಿದ್ದ ಅಂಚೆ ಗಾಡಿಯಲ್ಲಿದ್ದವು. ಮೊದಲ ಸಾಲಿನಲ್ಲಿ ಕೂತಿದ್ದ ಲೈಪ್‌ಜಿಗ್‌ನ ಪ್ರಕಾಶಕನೋ ಕಾಯುವವನಲ್ಲ. ಜನ ಮೆಚ್ಚಿದರೆ ಅಚ್ಚು ಹಾಕುತ್ತೇನೆ, ಇಲ್ಲದಿದ್ದರೆ ನಾಳೆಯೇ ಹೊರಟೆ ಎಂದುಬಿಟ್ಟಿದ್ದ.

ಒಟೀಲಿ ಚೀಲದಿಂದ ಒಂದು ಕಟ್ಟು ತೆಗೆದು ಎದೆಗವುಚಿಕೊಂಡಳು. “ಇದೆ, ನಡೀರಿ.”

“ನೀನು ನುಡಿಸುವಾಗ ಹಾಳೆ ನಾನೇ ತಿರುಗಿಸ್ತೀನಿ,” ಎಂದ ಗ್ರೂಬರ್, ಅನುಮಾನದಿಂದ.

ಪಿಯಾನೋ ಮುಂದೆ ಕಟ್ಟು ಬಿಚ್ಚಿದಾಗ ಅವನ ಮೀಸೆ ನಡುಗಿತು. ಸ್ವರ ಬರೆಯುವ ಗೆರೆಗಳಿದ್ದವು. ಗೆರೆಗಳ ಮೇಲೆ ಒಂದೇ ಒಂದು ಸ್ವರವಿರಲಿಲ್ಲ.

“ಖಾಲಿ!” ಎಂದು ಪಿಸುಗುಟ್ಟಿದ.

“ಹೂಂ. ನಾ ತಲೆ ಆಡ್ಸಿದಾಗ ತಿರುಗ್ಸಿ. ಹಂಗೆ ಬಾಯಿ ಬಿಡ್ಬೇಡಿ, ಜನ ನೋಡ್ತಿದಾರೆ.”

ಅಷ್ಟರಲ್ಲಿ ಅವಳ ಎಡಗೈ ಕೆಳಸ್ವರಗಳಿಗೆ ಇಳಿದಾಗಿತ್ತು. ಚಳಿಗಾಲದ ಕೊನೆಗೆ ಓಡರ್ ನದಿಯ ಮಂಜುಗಡ್ಡೆ ಒಡೆಯುವ ಸದ್ದು ಅದು, ಊರಿನ ಪ್ರತಿ ಮಗುವಿಗೂ ಗೊತ್ತಿದ್ದ ಸದ್ದು. ಬಲಗೈಯಲ್ಲಿ ನೀರು ಚಿಮ್ಮಿತು. ಕೆಮ್ಮು ನಿಂತಿತು. ಅವಳು ತಲೆಯಾಡಿಸಿದಳು, ಗ್ರೂಬರ್ ತಿರುಗಿಸಿದ. ಮತ್ತೆ ಆಡಿಸಿದಳು, ತಿರುಗಿಸಿದ. ನಾಲ್ಕನೆಯ ಹಾಳೆಗೆ ಅವಳು ತಲೆಯಾಡಿಸಲೇ ಇಲ್ಲ. ಸರಿಯಾಗಿ ರಾಗ ಉಸಿರು ತೆಗೆದುಕೊಳ್ಳುವ ಕಡೆ ಅವನ ಬೆರಳೇ ಹಾಳೆ ತಿರುಗಿಸಲು ಮೇಲೆದ್ದಿತ್ತು.

ಕೊನೆಯ ಸ್ವರ ಆರಿತು. ಆಮೇಲೆ ಮುನ್ನೂರು ಜನವೂ ಎದ್ದು ಮೆಚ್ಚುಗೆಯಿಂದ ಕಾಲಲ್ಲಿ ನೆಲ ಬಡಿಯತೊಡಗಿದರು. “ಇನ್ನೊಂದ್ಸಲ! ಇನ್ನೊಂದ್ಸಲ!”

ಪ್ರಕಾಶಕ ವೇದಿಕೆಗೇ ಓಡಿ ಬಂದು ಕೈ ಚಾಚಿದ. “ಕೊಡಿ ಆ ಹಾಳೇನ! ನಾಳೇನೇ ಅಚ್ಚಿಗೆ!”

ಒಟೀಲಿಯ ಮುಖ ಬಿಳಿಚಿತು. ಗ್ರೂಬರ್ ಮಾತ್ರ ಕಟ್ಟನ್ನು ಪಟ್ಟನೆ ಎದೆಗೊತ್ತಿಕೊಂಡ.

“ಅವಸರ ಯಾಕೆ ಸ್ವಾಮಿ? ಜನ ಕೂಗ್ತಿರೋದು ಕೇಳಿಸ್ತಿಲ್ವಾ? ಹೋಗಿ, ಕೂತ್ಕೊಳ್ಳಿ.”

ಕಟ್ಟನ್ನು ಮತ್ತೆ ಪಿಯಾನೋ ಮೇಲಿಟ್ಟ. ಬೆರಳು ನಾಲಿಗೆಗೆ ತಾಗಿಸಿಕೊಂಡು, ಒಂದೊಂದೇ ಖಾಲಿ ಹಾಳೆಯನ್ನು ಜೋಪಾನವಾಗಿ ಹಿಂದಕ್ಕೆ ತಿರುಗಿಸುತ್ತ, ಮೊದಲನೆಯದಕ್ಕೆ ಬಂದು ನಿಂತ.