ಒತ್ತಿದ ಗುಂಡಿ

ಗಂಡ ಮಾಡಿದ್ದನ್ನೂ ಭಾಲ್ಕಿಯಿಂದ ಓಡಿಬಂದದ್ದನ್ನೂ ಹೇಳಿ ಮುಗಿಸಿದ ವಂದನಾ ಕೊರಳ ಮೇಲಿನ ಬೆರಳಿನ ಗುರುತುಗಳನ್ನು ಸೆರಗಿನಿಂದ ಮುಚ್ಚಿಕೊಂಡಳು. ಆಗ ರಾಧಿಕಾಳ ಕಣ್ಣು ತನ್ನ ಕೈಯಲ್ಲಿದ್ದ ವಾಕಿಟಾಕಿಯ ಮೇಲೆ ಬಿತ್ತು. ಅದರ ಕೆಂಪು ದೀಪ ಉರಿಯುತ್ತಿತ್ತು. ಅತ್ತಿಗೆಯ, ಅವಳ ವಂದನಾ ವೈನಿಯ, ಕೊರಳು ಕಂಡು ಬೆಚ್ಚಿದಾಗ ಬಿಗಿದ ಹೆಬ್ಬೆರಳು ಮಾತಿನ ಗುಂಡಿಯನ್ನು ಇನ್ನೂ ಒತ್ತಿಕೊಂಡೇ ಇತ್ತು.

ಅಳತೆ ಟೇಪು ಕತ್ತರಿಸಿ ಮಾಡಿದ ಆಂಟೆನಾ ಅವಳ ಇನ್ನೊಂದು ಕೈಯಲ್ಲಿ, ಔರಾದದ ತನ್ನ ಮನೆಯ ಮಾಳಿಗೆಯ ಮೇಲಿಂದ ಹಾದುಹೋಗುತ್ತಿದ್ದ ಪುಟ್ಟ ಉಪಗ್ರಹದತ್ತಲೇ ನಿಂತಿತ್ತು. ಗುಂಡಿ ಒತ್ತಿದಷ್ಟು ಹೊತ್ತು ಆಡಿದ ಮಾತೆಲ್ಲ ಮೇಲೆ ಹೋಗಿ, ಕೊಲಂಬೊದಿಂದ ಕಾಶ್ಮೀರದವರೆಗೆ ಕಿವಿಗೊಟ್ಟು ಕೂತ ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆಲ್ಲ ಕೇಳಿಸುತ್ತದೆ. ಅವಳಿಗೆ ಇದನ್ನು ಕಲಿಸಿದವನು ಅಣ್ಣ ಜ್ಞಾನೇಶ್ವರ, ವಂದನಾಳ ಗಂಡ. ಭಾಲ್ಕಿಯಲ್ಲಿ ಅವನೂ ದಿನಾ ಇದೇ ಹೊತ್ತಿಗೆ ಮಾಳಿಗೆ ಏರುತ್ತಾನೆ. ಇವತ್ತು ಅವನ ದನಿ ಬಂದಿರಲಿಲ್ಲ.

ಗುಂಡಿ ಬಿಟ್ಟರೆ ಆ ಕಡೆಯ ದನಿ ಕೇಳಿಸುತ್ತದೆ. ಆ ಹೆದರಿಕೆಗೇ ಅವಳ ಹೆಬ್ಬೆರಳು ಏಳಲಿಲ್ಲ.

"ಯಾಕ ರಾಧಿಕಾ, ಮಾರಿ ಹಿಂಗ್ಯಾಕ ಆಗ್ಯಾದ?" ವಂದನಾ ಹತ್ತಿರ ಸರಿದಳು. "ಅಂಜಬ್ಯಾಡ. ನಾಳಿ ಮುಂಜಾನಿ ಉದಗೀರ ಬಸ್ಸಿಗಿ ಹೋಗಿಬಿಡ್ತೇನಿ. ನಿನ್ನ ಬಿಟ್ಟು ಯಾರಿಗಿ ಗೊತ್ತಿಲ್ಲ."

ರಾಧಿಕಾಳ ಹೆಬ್ಬೆರಳು ಬೆವರಿಗೆ ಜಾರಿತು. ಕೆಂಪು ದೀಪ ಆರಿತು. ಸ್ವಲ್ಪ ಹೊತ್ತು ಬರೀ ಗರಗರ ಸದ್ದು. ಆಮೇಲೆ ಅಣ್ಣನ ದನಿ ಬಂತು. ಪ್ರತಿ ಸಲ ಅವಳಿಗೆ ಶಹಬ್ಬಾಸ್ ಹೇಳುವಾಗಿನಷ್ಟೇ ಮೆತ್ತಗಿತ್ತು.

"ಒಂದೊಂದು ಮಾತು ಸಾಫ್ ಕೇಳಸ್ತು, ತಂಗಿ."