ಸೂಜಿಯ ಇನ್ನರ್ಧ

ಮುರಿದ ಸೂಜಿಗಳನ್ನು ಹಾಕಿಡುವ ಬೆಂಕಿಪೆಟ್ಟಿಗೆಯಲ್ಲಿ ನಿನ್ನೆಯ ಸೂಜಿಯ ಒಂದೇ ತುಂಡಿತ್ತು. ಟೈಲರಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ ತಟ್ಟಿದಳು. ಮೊನೆಯ ಕಡೆಯ ಅರ್ಧ ಇರಲಿಲ್ಲ. ಮಿಷನ್ನಿನ ಕೆಳಗೆ ಅಯಸ್ಕಾಂತ ಎಳೆದಾಡಿದಳು, ಕಸದ ಬುಟ್ಟಿಯ ಚೂರುಚೂರನ್ನೂ ಜಾಲಾಡಿದಳು. ಎಲ್ಲೂ ಇಲ್ಲ.

ಸೂಜಿ ಮುರಿದರೆ ಎರಡೂ ತುಂಡು ಕೈಗೆ ಸಿಗುವವರೆಗೆ ಬಟ್ಟೆ ಮೇಜಿನಿಂದ ಇಳಿಯಬಾರದು. ಹೊಲಿಗೆ ಕಲಿಸಿದ ಚಿಕ್ಕಪ್ಪ ಹಾಕಿಕೊಟ್ಟ ನೇಮ ಅದು, ಇಪ್ಪತ್ತು ವರ್ಷ ತಪ್ಪಿರಲಿಲ್ಲ. ನಿನ್ನೆ ಸಂಜೆ ಚರ್ಮದ ಆರು ಕವಚಗಳ ಕುತ್ತಿಗೆಪಟ್ಟಿಗೆ ಒಳಬಟ್ಟೆ ಕೂಡಿಸುವಾಗ ಸೂಜಿ ಟಣ್ಣೆಂದು ಮುರಿಯಿತು. ಬಾಗಿಲಲ್ಲಿ ಗೆಳೆಯರು ಕಾಯುತ್ತಿದ್ದರು. ಆಮೇಲೆ ಹುಡುಕಿದರಾಯಿತು ಎಂದು ಬೇರೆ ಸೂಜಿ ಹಾಕಿ ಮುಗಿಸಿಬಿಟ್ಟಳು. ಅವರು ಕವಚಗಳನ್ನು ಎದೆಗೆ ಹಿಡಿದು ನೋಡಿ, ಎಂದಿನಂತೆ, "ಮೈಗೆ ಎರಕ ಹೊಯ್ದ ಹಾಗಿದೆ ಅಕ್ಕ!" ಎಂದು ಹೊಗಳಿ ಹೊತ್ತುಕೊಂಡು ಹೋದರು. ಆ ಮಾತು ಕೇಳದಿದ್ದರೆ ಅವಳಿಗೆ ಊಟ ಸೇರುವುದಿಲ್ಲ.

ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು. ಹತ್ತಕ್ಕೆ ಯುದ್ಧ. ವರ್ಷಕ್ಕೆರಡು ಸಲ ಈ ಗೆಳೆಯರು ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಮೈದಾನದಲ್ಲಿ ಒಂದಿಡೀ ದಿನ ರಾಜ, ಮಂತ್ರಿ, ಕಾವಲುಗಾರರಾಗಿ ಬದುಕುತ್ತಾರೆ, ಸ್ಪಂಜಿನ ಕತ್ತಿಯಲ್ಲಿ ಹೊಡೆದಾಡುತ್ತಾರೆ. ಮೊಬೈಲುಗಳೆಲ್ಲ ಅವರಲ್ಲೊಬ್ಬಳಾದ ನರ್ಸಮ್ಮನ ಬಿಸ್ಕತ್ತಿನ ಡಬ್ಬಿ ಸೇರಿರುತ್ತವೆ. ಟೈಲರಕ್ಕ ಆರು ಸಲ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ಕತ್ತಿ ಸ್ಪಂಜಿನದೇ ಇರಬಹುದು, ಆದರೆ ಕುತ್ತಿಗೆಯ ಮೇಲೆ ಒಂದೇಟು ಬಿದ್ದರೆ ಒಳಗಿರುವ ಉಕ್ಕಿನ ಮೊನೆ ಸುಮ್ಮನಿದ್ದೀತೇ? ಸೂಜಿಯ ತುಂಡನ್ನು ಮುಷ್ಟಿಯಲ್ಲಿ ಹಿಡಿದು ಸ್ಕೂಟರ್ ಹತ್ತಿದಳು.

"ನಿಲ್ಸಿ! ಯಾರೂ ಹೊಡೀಬೇಡಿ! ಕವಚದಲ್ಲಿ ಸೂಜಿ ಇದೆ!" ಮೈದಾನ ಮುಟ್ಟುತ್ತಲೇ ಟೈಲರಕ್ಕ ಕೂಗಿದಳು.

ವಾರವೆಲ್ಲ ಬಸ್ಸು ಓಡಿಸುವ ಗುಂಡಣ್ಣ ಇವತ್ತು ರಾಜ. ಗಂಭೀರವಾಗಿ ತಿರುಗಿದ. "ಕೇಳಿದಿರಾ? ಕವಚದಲ್ಲಿ ವಿಷದ ಸೂಜಿ! ಇದು ಶತ್ರುಗಳ ಸಂಚು!"

"ಸಂಚೂ ಇಲ್ಲ ಗಿಂಚೂ ಇಲ್ಲ ಗುಂಡಣ್ಣ! ನಿಜವಾದ ಸೂಜಿ ಕಣೋ!"

"ರಾಜನನ್ನೇ ಹೆಸರು ಹಿಡಿದು ಕರೆದಳು! ಹಿಡಿಯಿರಿ ಇವಳನ್ನು!"

ಇಬ್ಬರು ಬಂದು ನೋವಾಗದಂತೆ ತೋಳು ಹಿಡಿದುಕೊಂಡರು. ಎಷ್ಟು ಕರೆದರೂ ಆಟಕ್ಕೆ ಬಾರದಿದ್ದ ಟೈಲರಕ್ಕ ಕೊನೆಗೂ ವೇಷವಿಲ್ಲದೆಯೇ ಪಾತ್ರ ಹಿಡಿದಳೆಂದು ಎಲ್ಲರಿಗೂ ಖುಷಿಯೋ ಖುಷಿ. "ಎಷ್ಟು ಚೆನ್ನಾಗಿ ಮಾಡ್ತಿದ್ದಾಳೆ ನೋಡು," ಎಂದು ಯಾರೋ ಪಿಸುಗುಟ್ಟಿದರು. ನರ್ಸಮ್ಮ ಯುದ್ಧದ ಸೀಟಿಯನ್ನು ಬಾಯಿಗಿಟ್ಟಳು. ಟೈಲರಕ್ಕ ನೆಲಕ್ಕೆ ಕುಸಿದು, ಮುಖ ಮುಚ್ಚಿಕೊಂಡು, ಗೊಳೋ ಎಂದು ಅತ್ತಳು. ಅವಳ ಸಿಟ್ಟನ್ನು ಎಲ್ಲರೂ ಕಂಡಿದ್ದರು, ಅಳುವನ್ನು ಯಾರೂ ಕಂಡಿರಲಿಲ್ಲ. ಸೀಟಿ ಕೆಳಗಿಳಿಯಿತು.

ಒಬ್ಬೊಬ್ಬರ ಕುತ್ತಿಗೆಪಟ್ಟಿಯ ಮೇಲೂ ಅವಳು ಹೆಬ್ಬೆರಳು ಓಡಿಸುತ್ತ ಬಂದಳು. ಐದು ಕವಚಗಳಲ್ಲಿ ಏನೂ ಇರಲಿಲ್ಲ. ಆರನೆಯದು ಲೈಬ್ರರಿಯಲ್ಲಿ ಕೆಲಸ ಮಾಡುವ ತಮ್ಮಯ್ಯನದು. ಕಾವಲುಗಾರನ ಪಾತ್ರ, ಕತ್ತು ಮಾತ್ರ ಯಾಕೋ ಒಂದು ಪಕ್ಕಕ್ಕೆ ವಾಲಿತ್ತು.

"ನನ್ನದ್ರಲ್ಲಿ ಏನಿಲ್ಲ ಅಕ್ಕ," ಎನ್ನುತ್ತ ಅವನು ಹಿಂದೆ ಸರಿದ.

ಅವಳು ಪಟ್ಟಿಯನ್ನು ಹಿಡಿದು ತಿರುಗಿಸಿದಳು. ಒಳಬಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ರಕ್ತದ ಚುಕ್ಕೆಗಳು. ನಡುವೆ ಸೂಜಿಯ ಮೊನೆ. ಉಗುರಿನಿಂದ ಎಳೆದು ತನ್ನ ಕೈಯಲ್ಲಿದ್ದ ತುಂಡಿಗೆ ಜೋಡಿಸಿದಳು. ಸರಿಯಾಗಿ ಕೂಡಿತು. ಹೋದ ಜೀವ ಬಂದ ಹಾಗಾಯಿತು, ಜೀವದ ಹಿಂದೆಯೇ ಕೋಪವೂ ಬಂತು.

"ಬೆಳಿಗ್ಗೆಯಿಂದ ಚುಚ್ತಾ ಇದೆ, ಹೇಳೋಕೆ ಬಾಯಿರಲಿಲ್ವಾ? ಹೆಚ್ಚುಕಡಿಮೆ ಆಗಿದ್ರೆ ನಾನು ಏನ್ ಮಾಡ್ಬೇಕಿತ್ತು?"

"ಆಟದ ಮಧ್ಯೆ ಹೇಗೆ ಹೇಳೋದು ಅಂತ..."

"ಆಟ ಶುರುವಾಗೋ ಮುಂಚೆ ಹಾಕ್ಕೊಂಡ್ಯಲ್ಲ, ಆಗ?"

ತಮ್ಮಯ್ಯ ಕತ್ತನ್ನು ಒರೆಸಿಕೊಂಡ. "ಹೋದ ಸಲ ನರ್ಸಮ್ಮ ತೋಳು ಸ್ವಲ್ಪ ಬಿಗಿ ಅಂದ್ಲು. ನೀನು ನಾಲ್ಕು ತಿಂಗಳು ಅವಳ ಫೋನೇ ಎತ್ತಲಿಲ್ಲ ಅಕ್ಕ."

ಟೈಲರಕ್ಕ ನರ್ಸಮ್ಮನ ಕಡೆ ನೋಡಿದಳು. ನರ್ಸಮ್ಮ ತನ್ನ ಬೂಟು ನೋಡಿಕೊಂಡಳು. ಟೈಲರಕ್ಕ ಸೂಜಿಯ ತುಂಡುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಬೇರೆ ಯಾರಿಗಾದ್ರೂ... ಏನಾದ್ರೂ ಚುಚ್ಚುತ್ತಾ?" ಎಂದು ಕೇಳಿದಳು. ದನಿ ಅವಳದೇ ಎಂದು ನಂಬಲು ಕಷ್ಟವಿತ್ತು.

ನರ್ಸಮ್ಮ ಮೆಲ್ಲಗೆ ಕಂಕುಳಿಗೆ ಕೈಹಾಕಿ, ಉಜ್ಜದಿರಲೆಂದು ತುರುಕಿದ್ದ ಹತ್ತಿಯ ಉಂಡೆ ತೆಗೆದಳು. ಮಂತ್ರಿ ತನ್ನ ಕವಚದ ಬೆನ್ನಿನೊಳಗಿನಿಂದ ಒಂದು ರಟ್ಟು ಎಳೆದ. ಕೊನೆಗೆ ರಾಜ ಆಚೆ ತಿರುಗಿ, ಎರಡು ವರ್ಷದ ಹಿಂದೆ ಅವಳೇ ಮಾಡಿಕೊಟ್ಟಿದ್ದ ಸೊಂಟದ ಪಟ್ಟಿ ಬಿಚ್ಚಿ, ಅದರಡಿಯಿಂದ ನಾಲ್ಕಾಗಿ ಮಡಚಿದ ಕರವಸ್ತ್ರವೊಂದನ್ನು ತೆಗೆದು ಅವಳ ಕೈಗಿಟ್ಟ. ಅದು ಒತ್ತಿ ಒತ್ತಿ ರಟ್ಟಿನಂತಾಗಿತ್ತು. ಅದರ ಮೇಲೆ ಅವಳ ಹೊಲಿಗೆ, ಒಂದೂ ತಪ್ಪದೆ, ಸಾಲಾಗಿ ಅಚ್ಚೊತ್ತಿತ್ತು.