ಮುಖವಾಡದ ಒಡೆಯನ ನಿಲುವಂಗಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುತ್ತಿದ್ದ ಒಬ್ಬ ಮುದುಕಿ. ಕರೆಂಟು ಹೋಗಿ ಯಂತ್ರಗಳೆಲ್ಲ ಬಾಯಿ ಮುಚ್ಚಿದ್ದ ಒಂದು ಮಧ್ಯಾಹ್ನ. ಬೇರೆಡೆ ಕೇಳಿದಾಗ ಕಥೆಯಲ್ಲಿ ಬರುವ ಬೆಂಕಿಯ ಹಕ್ಕಿಗಳಿಗೆ ಒಂದೊಂದು ಬಣ್ಣ ಹೇಳುತ್ತಾರೆ, ಅಷ್ಟೆ. ಉಳಿದದ್ದೆಲ್ಲ ಹೀಗೆಯೇ.

ದರ್ಜಿಯವಳ ಕೈ ಒಡೆಯನ ಬೆನ್ನ ಮೇಲೆ ನಿಂತುಬಿಟ್ಟಿತು.

ಅವಳು ಅಳೆಯುತ್ತಿದ್ದುದು ಗೇಣಿನಿಂದ. ಅರಮನೆಯೊಳಗೆ ದಾರ ಒಯ್ಯುವಂತಿರಲಿಲ್ಲ. ಒಡೆಯನ ಮೈಯ ಅಳತೆ ಹೊರಗೆ ಉಳಿಯಬಾರದೆಂಬುದು ಕಟ್ಟಳೆ. ಆದರೆ ಕೈಗೆ ನೆನಪಿರುತ್ತದಲ್ಲ. ಹೋದ ವರ್ಷ ಭುಜದಿಂದ ಭುಜಕ್ಕೆ ಎರಡು ಗೇಣು ದಾಟಿತ್ತು. ಈಗ ಎರಡು ಗೇಣಿಗೆ ಬೆರಳಷ್ಟು ಕಡಿಮೆ. ಹೋದ ವರ್ಷ ಆ ಮೈಯಿಂದ ಸುಣ್ಣದ ವಾಸನೆ ಬರುತ್ತಿತ್ತು. ಈಗ ಹದ ಮಾಡಿದ ತೊಗಲಿನದು.

"ಯಾಕಮ್ಮಾ, ಕೈ ನಿಂತುಬಿಡ್ತು?" ಚಿನ್ನದ ಮುಖವಾಡದ ಹಿಂದಿನಿಂದ ದನಿ ಬಂತು.

"ಉಗುರು ಸಿಕ್ಕಾಕೊಳ್ತು, ಒಡೆಯಾ."

"ರೇಷ್ಮೆಗಾ?" ಒಡೆಯ ಮೆಲ್ಲಗೆ ನಕ್ಕ. "ಹುಷಾರು."

ಒಂದು ಕಾಲಕ್ಕೆ ಮೂರು ಕಡಲುಗಳ ನಡುವೆ ಹರಡಿದ್ದ ಸಾಮ್ರಾಜ್ಯದಲ್ಲಿ ಉಳಿದದ್ದು ಈ ಒಂದು ಪಟ್ಟಣ ಮತ್ತು ಅದರ ಸುತ್ತಲಿನ ಹೊಲಗಳು. ಸಾಮ್ರಾಜ್ಯವನ್ನು ಕಾಯುತ್ತಿದ್ದುದು ಬೆಂಕಿಯುಗುಳುವ ಹಕ್ಕಿಗಳು. ಒಂದು ಮುಂಜಾನೆ ಅವು ಹಾರಿಹೋದವು. ಪ್ರಾಂತಗಳು ಒಂದೊಂದಾಗಿ ಕಳಚಿಕೊಂಡವು. ಆ ರಾಜವಂಶದವನು ಕೂಗಿದರೆ ಹಕ್ಕಿಗಳು ಮರಳುತ್ತವೆಂದು ಶತ್ರುಗಳು ಇಂದಿಗೂ ನಂಬಿದ್ದರು. ವರ್ಷಕ್ಕೊಮ್ಮೆ ಮುಖವಾಡದ ಒಡೆಯ ಹೊಸ ನಿಲುವಂಗಿ ತೊಟ್ಟು ಕೋಟೆಯ ಉಪ್ಪರಿಗೆಯಲ್ಲಿ ನಿಂತರೆ ಸಾಕು, ಗಡಿಯಾಚೆಯ ದಂಡು ಗುಡಾರ ಕಿತ್ತುಕೊಂಡು ಹಿಂದೆ ಸರಿಯುತ್ತಿತ್ತು.

ಒಡೆಯರು ಹೀಗೆ ನಿಲ್ಲುವುದನ್ನು ಬಿಟ್ಟು ಬೇರೇನನ್ನೂ ಮಾಡದೆ ರಾಜ್ಯ ಹಾಳುಬಿದ್ದಿತ್ತು. ಇತ್ತೀಚೆಗಷ್ಟೆ ಚಿಗುರತೊಡಗಿತ್ತು. ಒಂದು ವರ್ಷ ಹೂಳು ತುಂಬಿದ್ದ ಕಾಲುವೆಗಳಲ್ಲೆಲ್ಲ ನೀರು ಹರಿಯಿತು. ಮರುವರ್ಷ ಕುಸಿದ ಗೋಡೆಗಳು ಎದ್ದು ನಿಂತವು. ಈ ವರ್ಷ ಬರಿಗಾಲ ಸಿಪಾಯಿಗಳಿಗೆಲ್ಲ ಗಟ್ಟಿ ಜೋಡು ಬಂದವು. ಒಡೆಯನಿಗೆ ಕೊನೆಗೂ ಬುದ್ಧಿ ಬಂತೆಂದು ಜನ ಹೊಗಳಿದರು.

"ಅವರು ಒಡೆಯರಲ್ಲ, ಭುಜ ಬೆರಳಷ್ಟು ಕಿರಿದಾಗಿದೆ," ಎಂದಳು ದರ್ಜಿಯವಳು, ಮನೆಗೆ ಬಂದು.

ಬಟ್ಟೆ ಕತ್ತರಿಸುತ್ತಿದ್ದ ಗಂಡ ತಲೆಯೆತ್ತಲಿಲ್ಲ. "ಸೊರಗಿರ್ತಾರೆ ಬಿಡೇ. ರಾಜ್ಯದ ಚಿಂತೆ."

"ಚಿಂತೆಗೆ ಹೊಟ್ಟೆ ಕರಗುತ್ತೆ. ಭುಜದ ಮೂಳೆ ಕರಗುತ್ತಾ?"

ಕತ್ತರಿ ನಿಂತಿತು. ಅವನು ಎದ್ದು ಬಾಗಿಲಿಗೆ ಚಿಲಕ ಹಾಕಿದ. "ಒಡೆಯರನ್ನ ಯಾರೋ ಕೊಂದು ಅವರ ಜಾಗದಲ್ಲಿ ಕೂತಿದಾನೆ ಅಂತೀಯಾ?"

"ನಾನೇನೂ ಅಂದಿಲ್ಲ. ನೀನೂ ಏನೂ ಕೇಳಿಲ್ಲ."

ಬೆಳಗಾಗುತ್ತಲೇ ಅರಮನೆಯ ಆಳು ಬಂದ. ಕಟ್ಟಳೆ ಮುರಿದು ಅಳತೆಗೆ ಗಂಟುಗಳನ್ನು ಹಾಕಿದ ದಾರವೊಂದನ್ನು ತಂದಿದ್ದ. "ನಿನ್ನೆಯ ಅಳತೆ ಬಿಟ್ಟುಬಿಡ್ಬೇಕಂತೆ. ಇದರ ಪ್ರಕಾರ ಹೊಲೀಬೇಕು. ತರೋವಾಗ ನೀವೊಬ್ರೇ ಬರಬೇಕು."

ಅವಳು ದಾರವನ್ನು ಹಲಗೆಯ ಮೇಲೆ ಚಾಚಿದಳು. ಭುಜ ಇನ್ನೂ ಕಿರಿದು. ತೋಳು ಇನ್ನೂ ಗಿಡ್ಡ. ಇದು ಮೂರನೆಯ ಮೈ. ಹಾಗಾದರೆ ನಿನ್ನೆಯವನೂ ಉಳಿಯುವುದಿಲ್ಲ. ಇದನ್ನು ಬಲ್ಲ ತಾನಂತೂ ಉಳಿಯುವುದೇ ಇಲ್ಲ. ಹಾಕಿದ ಹೊಲಿಗೆ ಬಿಚ್ಚಿದಳು, ಮತ್ತೆ ಹಾಕಿದಳು.

ನಿಲುವಂಗಿ ಮುಗಿಯುವ ಹೊತ್ತಿಗೆ ಅಪರಿಚಿತನೊಬ್ಬ ನೂಲುಂಡೆ ಕೇಳಿಕೊಂಡು ಅಂಗಡಿಗೆ ಬಂದ. ಅಗಲ ಭುಜದ ಆಳು. ಅವಳಿಂದ ದೂರವೇ ನಿಂತು ಮಾತಾಡಿದ. "ನಿಮ್ಮ ಒಡೆಯರು ಸಣ್ಣಗಾಗಿದಾರಂತೆ? ಒಂದೇ ಒಂದು ಮಾತು ಹೇಳಿ ಸಾಕು. ಗಂಡ ಹೆಂಡತಿ ಇಬ್ರನ್ನೂ ಗಡಿ ದಾಟಿಸ್ತೀನಿ."

ಗಂಡ ಅವಳ ಮುಖ ನೋಡಿದ. ಹೇಳಿದರೆ ಜೀವ ಉಳಿಯುತ್ತಿತ್ತು. ಹೇಳಿದ ಮಾತು ಆಚೆಯ ದಂಡಿಗೆ ಮುಟ್ಟಿದರೆ ಪಟ್ಟಣ ಉಳಿಯುತ್ತಿರಲಿಲ್ಲ.

"ಅಣ್ಣಾ, ನೂಲು ಬೇಕಾದ್ರೆ ತಗೊಳ್ಳಿ," ಎಂದಳು ಅವಳು. "ನಮ್ಮ ಒಡೆಯರು ಹೋದ ವರ್ಷ ಹೇಗಿದ್ರೋ ಹಾಗೇ ಇದಾರೆ. ಕಲ್ಲುಗುಂಡು!"

ಅವನು ಹೋದ ಮೇಲೆ ಗಂಡ ತಲೆ ಚಚ್ಚಿಕೊಂಡ. "ಬದುಕೋ ದಾರೀನ ಕೈಯಾರೆ ಹಾಳು ಮಾಡ್ಕೊಂಡ್ಯಲ್ಲೇ!"

ನಿಲುವಂಗಿ ಒಪ್ಪಿಸಲು ಅವಳೊಬ್ಬಳೇ ಹೋದಾಗ ಅರಮನೆಯ ಕೋಣೆಯ ಬಾಗಿಲು ಅವಳ ಹಿಂದೆಯೇ ಮುಚ್ಚಿಕೊಂಡಿತು. ಮುಖವಾಡದವನ ಪಕ್ಕದಲ್ಲಿ ನೂಲು ಕೇಳಲು ಬಂದಿದ್ದ ಅಪರಿಚಿತ ನಿಂತಿದ್ದ. ನಿಲುವಂಗಿಯನ್ನು ಎದೆಗವಚಿಕೊಂಡು ನೆಲಕ್ಕೆ ಕೂತಳು.

"ನನ್ನ ಯಜಮಾನರಿಗೆ ಏನೂ ಗೊತ್ತಿಲ್ಲ. ಅವರನ್ನ ಬಿಟ್ಟುಬಿಡಿ."

ಒಡೆಯ ಮುಖವಾಡ ತೆಗೆದ. ಹಿಂದಿನ ಬೀದಿಯಲ್ಲಿ ಜೋಡು ಹೊಲಿಯುತ್ತಿದ್ದವನ ಮುಖ. ಪರಸ್ಥಳಕ್ಕೆ ಕೆಲಸಕ್ಕೆ ಹೋಗಿದ್ದಾನೆಂದು ಅವನ ಹೆಂಡತಿ ವರ್ಷದಿಂದ ಹೇಳುತ್ತಿದ್ದಳು.

"ರಾಜವಂಶ ಅಳಿದುಹೋಯ್ತು ತಾಯಿ, ಮೂರು ವರ್ಷದ ಹಿಂದೇನೇ," ಎಂದ ಅವನು. "ಮೊದ್ಲು ಕಾಲುವೆ ತೋಡೋನು ಇದನ್ನ ಹಾಕ್ಕೊಂಡ. ಆಮೇಲೆ ಗಾರೆ ಕೆಲಸದ ಈ ಅಣ್ಣ. ಅವರಿಬ್ರ ಭುಜವೂ ಹಳೇ ಒಡೆಯರಷ್ಟೇ ಅಗಲ, ಅದಕ್ಕೇ ನಿಮ್ಮ ಕೈಗೆ ತಿಳೀಲಿಲ್ಲ. ಆಮೇಲೆ ನಾನು. ಗುಟ್ಟು ತಿಳಿದ್ಮೇಲೂ ಬಾಯಿ ಬಿಡದೋರಿಗೆ ಒಂದೊಂದು ವರ್ಷ."

ಅವಳು ನಿಲುವಂಗಿ ಹಿಡಿದೇ ಎದ್ದು ನಿಂತಳು. "ಹಾಗಾದ್ರೆ ಆ ದಾರದ ಅಳತೆ ಯಾರದು?"

ಊರಿಗೆಲ್ಲ ಅಳತೆ ತೆಗೆದವಳ ಮೈಯನ್ನು ಯಾರೂ ಎಂದೂ ಅಳೆದಿರಲಿಲ್ಲ, ಅವಳೂ ಸಹ; ಜೋಡಿನವನು ಮಾತ್ರ ಅಂದು ಕಣ್ಣಳತೆಯಲ್ಲೇ ಆ ದಾರಕ್ಕೆ ಗಂಟು ಹಾಕಿದ್ದ. ಗಾರೆಯವನು ನಿಲುವಂಗಿಯ ಮಡಿಕೆ ಬಿಡಿಸಿ ಅವಳ ಹೆಗಲಿಗೆ ಹೊದಿಸಿದ. ಅದು ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು.

"ಗಂಡನ ಗತಿ ಏನಾಯ್ತಜ್ಜಿ?" ಎಂದು ಕಾರ್ಖಾನೆಯ ಹೊಲಿಗೆಯವಳೊಬ್ಬಳು ಮುದುಕಿಯನ್ನು ಕೇಳಿದಳು.

"ಏನಾಗುತ್ತೆ? ವರ್ಷವಿಡೀ ತಾನೇ ಬೇಯಿಸ್ಕೊಂಡು ತಿಂದ. ಆ ಚಳಿಗಾಲ ಮಾತ್ರ ಊರಲ್ಲಿ ಒಂದು ಮಗೂನೂ ಅಂಗಿಯಿಲ್ಲದೆ ನಡುಗಲಿಲ್ಲ ನೋಡು."

ಕರೆಂಟು ಬರುವ ಸೂಚನೆಯಿರಲಿಲ್ಲ. ಹೆಂಗಸರು ಬುತ್ತಿಚೀಲಗಳನ್ನು ಹೆಗಲಿಗೇರಿಸಿ, ಎದ್ದು, ಮನೆಗಳಿಗೆ ಹೋದರು.